ಚೌಬಾರಾದಿಂದ ಶುರು ಮಾಡಿ: ಬೀದರ್ ಹಳೇ ಊರನ್ನು ನಡೆದು ನೋಡುವ ಬಗೆ

ಬೀದರ್ ನೋಡಲು ಬರುವವರ ದಿನ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆಳಿಗ್ಗೆ ಹೈದರಾಬಾದಿನಿಂದಲೋ ಕಲಬುರಗಿಯಿಂದಲೋ ಕಾರಿನಲ್ಲಿ ಬರುತ್ತಾರೆ. ನೇರ ಕೋಟೆಗೆ ಹೋಗುತ್ತಾರೆ. ಆಮೇಲೆ ನಾನಕ್ ಝೀರಾ ಗುರುದ್ವಾರ, ಝರಣಿ ನರಸಿಂಹ ಗುಹಾ ದೇವಸ್ಥಾನ. ವಾಪಸ್ ಹೋಗುವಾಗ ಮಹಮೂದ್ ಗವಾನ್ ಮದರಸಾ ಮುಂದೆ ಗಾಡಿ ನಿಲ್ಲಿಸಿ ಒಂದು ಸೆಲ್ಫಿ. ಸಂಜೆಗೆ ಊರು ಬಿಟ್ಟಿರುತ್ತಾರೆ.

ಇದರಲ್ಲಿ ತಪ್ಪೇನಿಲ್ಲ. ಆದರೆ ಕೋಟೆಗೂ ಗುರುದ್ವಾರಕ್ಕೂ ನಡುವೆ ಒಂದು ಇಡೀ ಊರು ಇದೆ. ಸುತ್ತ ಗೋಡೆ, ಐದು ದರವಾಜಾ, ಒಳಗೆ ತಾಲೀಮು (ಕುಸ್ತಿಯ ಗರಡಿ), ದರ್ಗಾ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದ ಅಂಗಡಿಗಳು ಇರುವ ಊರು. ಅದು ಕಾರಿನ ಕಿಟಕಿಯಲ್ಲೇ ಮುಗಿದುಹೋಗುತ್ತದೆ. ಕೋಟೆ ರಾಜರದು, ಅವರು ಹೋಗಿ ಎಷ್ಟೋ ಕಾಲವಾಯಿತು. ಈ ಊರಿನಲ್ಲಿ ಜನ ಇನ್ನೂ ಇದ್ದಾರೆ. ಅದಕ್ಕೇ ನನಗೆ ಕೋಟೆಗಿಂತ ಇದೇ ಹೆಚ್ಚು ಇಷ್ಟ. ಒಂದೂವರೆ ದಿನ ಇಟ್ಟುಕೊಂಡು ಬಂದರೆ ಇದನ್ನು ಹೇಗೆ ನೋಡಬಹುದು ಅಂತ ಇಲ್ಲಿ ಬರೆದಿದ್ದೇನೆ.

ಯಾವಾಗ ಬರಬೇಕು, ಹೇಗೆ ಬರಬೇಕು

ಅಕ್ಟೋಬರ್‌ನಿಂದ ಫೆಬ್ರುವರಿ ತನಕ ಎಲ್ಲರೂ ಹೇಳುವ ಕಾಲ. ನಾನಾದರೆ ಮಳೆಗಾಲದ ಕೊನೆಯನ್ನು ಹೇಳುತ್ತೇನೆ. ಬೀದರ್ ಕೆಂಪು ಕಲ್ಲಿನ ಎತ್ತರದ ಬಯಲಿನ ಮೇಲಿದೆ. ಮಳೆ ಬಿದ್ದ ಮೇಲೆ ಕಂದಕದ ಕಲ್ಲಿಗೆ ಬರುವ ಬಣ್ಣ ಬೇಸಿಗೆಯಲ್ಲಿ ನೋಡಲು ಸಿಗುವುದಿಲ್ಲ. ಏಪ್ರಿಲ್, ಮೇ ಬೇಡವೇ ಬೇಡ. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, ಹನ್ನೊಂದು ಗಂಟೆಗೆಲ್ಲ ನೆಲ ಕಾದುಬಿಡುತ್ತದೆ.

ಕಲಬುರಗಿಯಿಂದ ರಸ್ತೆಯಲ್ಲಿ ಸುಮಾರು 115 ಕಿ.ಮೀ. ಬಸ್ಸು ಬೇಕಾದಷ್ಟಿವೆ. 2017ರಲ್ಲಿ ಕಲಬುರಗಿ-ಬೀದರ್ ರೈಲು ಮಾರ್ಗ ಶುರುವಾದ ಮೇಲೆ ರೈಲಿನಲ್ಲೂ ಬರಬಹುದು. ಸಮಯ ಮಾತ್ರ ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಹೈದರಾಬಾದ್ ಕಡೆಯವರಿಗೆ ಸುಮಾರು 140 ಕಿ.ಮೀ. ಆಗುತ್ತದೆ.

ಕಾರಿನಲ್ಲಿ ಬಂದರೆ ಅದನ್ನು ಲಾಡ್ಜಿನ ಹತ್ತಿರವೇ ಬಿಡಿ. ಹಳೇ ಊರಿನ ಗಲ್ಲಿಯಲ್ಲಿ ಎದುರಿಗೆ ಒಂದು ಆಟೊ ಬಂದರೆ ಇಬ್ಬರೂ ಹಿಂದೆ ಹೋಗಬೇಕಾಗುತ್ತದೆ. ಆಟೊ ಹತ್ತಿ ಊರ ನಡುವಿನ ಹಳೇ ಗೋಪುರದ ಹೆಸರು, "ಚೌಬಾರಾ" ಅಂದರೆ ಸಾಕು. ಸುಲಭವಾಗಿ ಬಿಚ್ಚಿ ಹಾಕಿಕೊಳ್ಳುವ ಚಪ್ಪಲಿ, ನೀರು, ಚಿಲ್ಲರೆ ದುಡ್ಡು, ತಲೆಗೆ ಹಾಕಿಕೊಳ್ಳಲು ಒಂದು ಟವೆಲ್ ಅಥವಾ ದುಪಟ್ಟಾ ಇರಲಿ. ಗುರುದ್ವಾರದಲ್ಲಿ, ದರ್ಗಾದಲ್ಲಿ ತಲೆ ಮುಚ್ಚಬೇಕಾಗುತ್ತದೆ. ಗುಂಬಜ್‌ಗಳ (ಗುಮ್ಮಟದ ಸಮಾಧಿಗಳ) ಒಳಗೆ ಕತ್ತಲೆ, ಹಾಗಾಗಿ ಫೋನ್ ಚಾರ್ಜ್ ಮಾಡಿಕೊಂಡೇ ಹೊರಡಿ. ಶುಕ್ರವಾರ ಬಂದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಸೀದಿ ಇರುವ ಓಣಿಗಳನ್ನು ಬಿಟ್ಟು ಬೇರೆ ಕಡೆ ಇರುವುದು ಒಳ್ಳೆಯದು.

ಚೌಬಾರಾದಲ್ಲಿ ನಿಂತು ದಿಕ್ಕು ಹಿಡಿಯಿರಿ

ಬೆಳಿಗ್ಗೆ ಏಳು ಗಂಟೆಗೆ ಚೌಬಾರಾ ಹತ್ತಿರ ಇರಿ. ಅಂಗಡಿ ತೆರೆದಿರುವುದಿಲ್ಲ, ಗಾಡಿಗಳ ಗದ್ದಲ ಇರುವುದಿಲ್ಲ. ಊರಿನ ನಡುಮಧ್ಯೆ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಈ ದುಂಡನೆಯ ಗೋಪುರ ನಿಂತಿದೆ. 71 ಅಡಿ ಎತ್ತರ. ಒಳಗೆ ಸುತ್ತಿಕೊಂಡು ಹೋಗುವ ಎಂಬತ್ತು ಮೆಟ್ಟಿಲಿವೆ. ಸುತ್ತಲಿನ ಬಯಲಿನ ಮೇಲೆ ಕಣ್ಣಿಡಲು ಕಾವಲಿನವರು ಇದರ ಮೇಲೆ ಇರುತ್ತಿದ್ದರು. ಈಗ ಅದರ ಮೇಲೆ ಗಡಿಯಾರ ಇದೆ.

ಇಲ್ಲಿ ಐದು ನಿಮಿಷ ಸುಮ್ನೆ ನಿಂತು ನಾಲ್ಕೂ ಕಡೆ ನೋಡಿ. ಉತ್ತರದ ರಸ್ತೆ ಮದರಸಾ ದಾಟಿ ಕೋಟೆಗೆ ಹೋಗುತ್ತದೆ. ದಕ್ಷಿಣದ್ದು ಫತೇ ದರವಾಜಾಕ್ಕೆ. ಪಶ್ಚಿಮಕ್ಕೆ ಹೋದರೆ ಶಾಹಗಂಜ್ ದರವಾಜಾ, ಪೂರ್ವಕ್ಕೆ ಮಂಗಲಪೇಟ ದರವಾಜಾ. ಇವುಗಳ ಜೊತೆಗೆ ದುಲ್ಹನ್ ದರವಾಜಾ, ತಾಲಘಾಟ್ ದರವಾಜಾ ಸೇರಿ ಊರಿಗೆ ಐದು ಬಾಗಿಲು. ಲೆಕ್ಕ ಐದಕ್ಕೆ ಸರಿಯಾಗಲು ಕೋಟೆ ಕಡೆಯ ರಸ್ತೆಯನ್ನು ಬಿಡಬೇಕು, ಅದು ಊರ ಹೊರಗೆ ಹೋಗುವುದಲ್ಲ.

ಈ ನಕ್ಷೆ ತಲೆಯಲ್ಲಿ ಕೂತರೆ ಇಡೀ ದಿನ ದಾರಿ ತಪ್ಪುವುದಿಲ್ಲ. ಗಲ್ಲಿಗಳಲ್ಲಿ ಫೋನಿನ ಮ್ಯಾಪ್ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಎಲ್ಲಿದ್ದರೂ ತಲೆ ಎತ್ತಿ ಚೌಬಾರಾ ಎಲ್ಲಿದೆ ನೋಡಿ, ಅಷ್ಟೇ. ಕಾಣದಿದ್ದರೆ ಕೇಳಿ. ಬೀದರಿನಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲವೂ ನಡೆಯುತ್ತವೆ. ಅಂಗಡಿ ಕಟ್ಟೆಯ ಮೇಲೆ ಕೂತ ಹಿರಿಯರನ್ನು "ಕಾಕಾ, ಸಿದ್ದಿಕ್ ಶಾ ತಾಲೀಮಿಗೆ ಹೆಂಗ ಹೋಗಬೇಕ್ರಿ?" ಅಂತ ಕೇಳಿದರೆ ದಾರಿಯ ಜೊತೆಗೆ "ಎಲ್ಲಿಂದ ಬಂದೀರಿ, ಚಾ ಕುಡದ್ರ್ಯಾ?" ಅನ್ನುವ ವಿಚಾರಣೆಯೂ ಬರುತ್ತದೆ. ಅದಕ್ಕೂ ಸ್ವಲ್ಪ ಸಮಯ ಇಟ್ಟುಕೊಳ್ಳಿ.

ಮದರಸಾಕ್ಕೆ ಬೆಳಿಗ್ಗೆಯೇ ಹೋಗಿ

ಚೌಬಾರಾದಿಂದ ಉತ್ತರಕ್ಕೆ ನಡೆದರೆ ಕೆಲವೇ ನಿಮಿಷದಲ್ಲಿ ಮಹಮೂದ್ ಗವಾನ್ ಮದರಸಾ ಸಿಗುತ್ತದೆ. ಇದೇನು ಗುಟ್ಟಿನ ಜಾಗ ಅಲ್ಲ. ಆದರೆ ಜನ ಬರುವ ಹೊತ್ತು ಸರಿಯಿಲ್ಲ. ಕಟ್ಟಡದ ಮುಖ ಪೂರ್ವಕ್ಕಿದೆ. ಸಂಜೆ ಬಂದವರಿಗೆ ಅದರ ನೆರಳು ಮಾತ್ರ ಸಿಗುತ್ತದೆ. ಬೆಳಗಿನ ಬಿಸಿಲು ಬಿದ್ದಾಗ ಉಳಿದಿರುವ ಒಂದೇ ಮಿನಾರಿನ ಮೇಲಿನ ಬಣ್ಣದ ಹೆಂಚುಗಳನ್ನು ನೋಡಬೇಕು. ಅಂಕುಡೊಂಕು ಪಟ್ಟಿಗಳು, ನೀಲಿ, ಹಸಿರು, ಬಿಳಿ. ಐದು ನೂರಕ್ಕೂ ಹೆಚ್ಚು ಮಳೆಗಾಲ ಕಂಡ ಬಣ್ಣ ಅದು.

ಗವಾನ್ ಇರಾನಿನ ಗೀಲಾನ್ ಕಡೆಯವನು. ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ವಜೀರನಾದ. ಈ ಮದರಸಾವನ್ನು 1472ರಲ್ಲಿ ಕಟ್ಟಿಸಿದ. 1481ರಲ್ಲಿ, ಶತ್ರುಗಳು ಸೃಷ್ಟಿಸಿದ ಒಂದು ಸುಳ್ಳು ಪತ್ರ ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಕಟ್ಟಡದ ಗತಿಯೂ ಚೆನ್ನಾಗಿರಲಿಲ್ಲ. 17ನೇ ಶತಮಾನದ ಕೊನೆಯಲ್ಲಿ, ಔರಂಗಜೇಬನ ಕಾಲದಲ್ಲಿ, ಒಳಗಿಟ್ಟ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಹಾರಿಹೋಯಿತು. ಬಲಗಡೆ, ಎಡಗಡೆ ಎರಡನ್ನೂ ಹೋಲಿಸಿ ನೋಡಿ, ಯಾವ ಕಡೆ ಏನು ಹೋಗಿದೆ ಅಂತ ತಿಳಿಯುತ್ತದೆ. ಒಳ ಅಂಗಳಕ್ಕೂ ಹೋಗಿ. ಮೂರು ಅಂತಸ್ತಿನ ಕೋಣೆಗಳು, ಗಾಳಿ ಬೆಳಕು ಬರುವ ಹಾಗೆ ಇಟ್ಟ ಕಿಟಕಿಗಳು, ಎಲ್ಲವೂ ಓದುವ ಹುಡುಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು.

ಇದೇ ರಸ್ತೆಯಲ್ಲಿ ತಖ್ತ್-ಎ-ಕಿರ್ಮಾನಿ ಅನ್ನುವ ಕಟ್ಟಡ ಇದೆ. ಬಹಳ ಜನ ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ, ನೋಡುವುದಿಲ್ಲ. ಮುಂದಿನ ಕಮಾನಿನ ಮೇಲೆ ಗಾರೆಯಲ್ಲಿ ಮಾಡಿದ ಹೂಬಳ್ಳಿಯ ಕೆಲಸ ಇದೆ. ಒಳಗೆ ಕಿರ್ಮಾನಿ ಮನೆತನದ ಸಂತರದ್ದು ಅಂತ ನಂಬುವ ತಖ್ತ್, ಅಂದರೆ ಆಸನ ಇದೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ನಾಳೆ ಬಹಮನಿ ಸುಲ್ತಾನರ ಸಮಾಧಿಗಳಿರುವ ಅಷ್ಟೂರಿನ ದಾರಿಯಲ್ಲಿ ಬೇಕಾಗುತ್ತದೆ.

ಗಲ್ಲಿಗೆ ಇಳಿಯಿರಿ

ಈಗ ದೊಡ್ಡ ರಸ್ತೆ ಬಿಡಿ. ಹಳೇ ಊರಿನಲ್ಲಿ ಹೆಸರುವಾಸಿಯಾದ ನಾಲ್ಕು ತಾಲೀಮುಗಳಿವೆ: ಸಿದ್ದಿಕ್ ಶಾ, ನೂರ್ ಖಾನ್, ಮನಿಯಾರ್ ಮತ್ತು ಪನ್ಸಾಲ್ ತಾಲೀಮು. ಹುಡುಗರು ಕುಸ್ತಿ, ಕಸರತ್ತು ಕಲಿಯುತ್ತಿದ್ದ ಜಾಗಗಳು. ಒಂದೊಂದು ಭಾಗದ ಹುಡುಗರು ಒಂದೊಂದು ತಾಲೀಮಿಗೆ ಸೇರಿದವರು. ಇವತ್ತಿಗೂ ಓಣಿಗಳನ್ನು ಜನ ಗುರುತಿಸುವುದು ಇದೇ ಹೆಸರಿನಿಂದ.

ಇಲ್ಲಿ ನೋಡಲೇಬೇಕು ಅನ್ನುವ ಪಟ್ಟಿ ಏನೂ ಇಲ್ಲ. ಕೆಂಪು ಕಲ್ಲಿನ ಗೋಡೆ, ಕೆತ್ತನೆಯ ಮರದ ಬಾಗಿಲು, ಎತ್ತರದ ಕಟ್ಟೆ, ಹೊಸ ಸಿಮೆಂಟ್ ಮನೆಯ ಮಧ್ಯೆ ಸಿಕ್ಕಿಕೊಂಡ ಹಳೇ ಕಮಾನು ಕಾಣುತ್ತಾ ಹೋಗುತ್ತವೆ. ಮನೆಗಳ ಬಾಗಿಲು ತೆರೆದಿರುತ್ತದೆ ಅಂತ ಒಳಗೆ ಕ್ಯಾಮೆರಾ ಹಿಡಿಯಬೇಡಿ. ಹೆಣ್ಣುಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಇದು ಮ್ಯೂಸಿಯಂ ಅಲ್ಲ, ಜನ ಬಟ್ಟೆ ಒಗೆಯುವ, ಅಡುಗೆ ಮಾಡುವ ಓಣಿ. ಚೌಬಾರಾ ಹತ್ತಿರ ಜಾಮಿಯಾ ಮಸೀದಿ ಇದೆ. ನಮಾಜಿನ ಹೊತ್ತು ಬಿಟ್ಟು ಕೇಳಿಕೊಂಡು ಅಂಗಳದಿಂದ ನೋಡಬಹುದು.

ಜಮ್ನಾ ಮೋರಿ ಕಡೆ ಹೋದರೆ ನೆಲದ ಕೆಳಗೆ ಊರಿಗೆ ನೀರು ಹರಿಸಿದ ಹಳೇ ವ್ಯವಸ್ಥೆಯ ಗುರುತು ಸಿಗುತ್ತದೆ. ಅದರ ಕಥೆ ಊರಿನ ಇನ್ನೊಂದು ತುದಿಯ ನೌಬಾದಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಇಲ್ಲಿ ಜಾಸ್ತಿ ಹೇಳುವುದಿಲ್ಲ.

ಬಿದ್ರಿ: ಕೊಳ್ಳುವ ಮುಂಚೆ ಕೂತು ನೋಡಿ

ಹತ್ತೂವರೆ ಹನ್ನೊಂದರ ಹೊತ್ತಿಗೆ ಬಿದ್ರಿ ಅಂಗಡಿಗಳು ತೆರೆದಿರುತ್ತವೆ. ಚೌಬಾರಾ, ಸಿದ್ದಿಕ್ ಶಾ ತಾಲೀಮು ಸುತ್ತಮುತ್ತ ಇವೆ. ಮುಂದೆ ಅಂಗಡಿ, ಹಿಂದೆ ಅಥವಾ ಪಕ್ಕದಲ್ಲಿ ಕೆಲಸದ ಕೋಣೆ. "ಕೆಲಸ ನೋಡಬಹುದೇನ್ರಿ?" ಅಂತ ಕೇಳಿ. ಕೊಳ್ಳುತ್ತೀರೋ ಇಲ್ಲವೋ, ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಟಕಟಕ ಸದ್ದು ಬರುವ ಬಾಗಿಲು ಹುಡುಕಿ.

ಏನು ನೋಡುತ್ತಿದ್ದೀರಿ ಅಂತ ಗೊತ್ತಿದ್ದರೆ ಮಜಾ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿದ್ರಿ ವಸ್ತುವಿನ ಲೋಹದಲ್ಲಿ ಸತುವೇ ಹೆಚ್ಚು, ತಾಮ್ರ ಸ್ವಲ್ಪ. ಸುಮಾರು ಹದಿನಾರು ಪಾಲಿಗೆ ಒಂದು ಪಾಲು. ಇದನ್ನು ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಹೊಯ್ಯುತ್ತಾರೆ. ಹೊರಗೆ ಬಂದ ಹೂದಾನಿ ಬೂದು ಬಣ್ಣದ ಒರಟು ವಸ್ತು. ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ. ಇದು ಉಳಿಯುವ ಕಪ್ಪಲ್ಲ. ಚಿತ್ರ ಗೀಚಿದರೆ ಕಾಣಲಿ ಅಂತ ಮಾಡುವುದು.

ನಂತರ ಚಿತ್ರ. ಕೈ ಪಳಗಿದವರು ಪೆನ್ಸಿಲ್ ಹಿಡಿಯುವುದಿಲ್ಲ, ಚೂಪಾದ ಉಳಿಯಲ್ಲೇ ನೇರ ಬಳ್ಳಿ ಎಳೆಯುತ್ತಾರೆ. ಗೀಚಿದ ಗೆರೆಯನ್ನು ಸಣ್ಣ ಉಳಿಗಳಿಂದ ಕೊರೆದು ಕಾಲುವೆ ಮಾಡುತ್ತಾರೆ. ಆ ಕಾಲುವೆಗೆ ಬೆಳ್ಳಿಯ ತಂತಿ ಅಥವಾ ತಗಡಿನ ಚೂರು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ನೀವು ಬೀದಿಯಲ್ಲಿ ಕೇಳಿದ ಟಕಟಕ ಇದೇ. ತಂತಿ ಕೆಲಸಕ್ಕೆ ತಾರಕಶಿ ಅನ್ನುತ್ತಾರೆ. ತಗಡು ಕೂರಿಸುವುದು ಬೇರೆ ಬಗೆ. ಇಷ್ಟಾದ ಮೇಲೆ ಮತ್ತೆ ಉಜ್ಜಿದರೆ ಎಲ್ಲ ಒಂದೇ ಬಿಳಿಚು ಬಣ್ಣ. ಬೆಳ್ಳಿ ಯಾವುದು, ಲೋಹ ಯಾವುದು ಅಂತ ಹೇಳುವುದೇ ಕಷ್ಟ.

ಕೊನೆಯ ಹಂತವನ್ನು ತಪ್ಪಿಸಿಕೊಳ್ಳಬೇಡಿ. ಬೀದರ್ ಕೋಟೆಯ ಹಳೇ ಕಟ್ಟಡಗಳ ಒಳಗೆ, ಮಳೆ ಬಿಸಿಲು ತಾಗದ ಜಾಗದ ಮಣ್ಣು ತರುತ್ತಾರೆ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಾಯಿಸಿ, ವಸ್ತುವನ್ನು ಅದರಲ್ಲಿ ಅದ್ದುತ್ತಾರೆ. ಲೋಹ ಗಾಢ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ, ಬೆಳ್ಳಗೆ ಎದ್ದು ಬರುತ್ತದೆ. ನೋಡನೋಡುತ್ತಲೇ ಆಗುವ ಬದಲಾವಣೆ ಇದು. ಮಣ್ಣು ಸರಿ ಇದೆಯೋ ಇಲ್ಲವೋ ಅಂತ ಹಳಬರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಕಡೆಗೆ ಎಣ್ಣೆ ಹಚ್ಚಿ ಒರೆಸಿದರೆ ಮುಗಿಯಿತು.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಬೀದರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದಾದ ಮೇಲೆ ಕೇಳಿಕೊಂಡು ಬರುವವರು ಜಾಸ್ತಿ. ಆದರೂ ಒಂದು ಹೂದಾನಿಯ ಹಿಂದೆ ಎಷ್ಟು ಜನರ ಕೈ ಇದೆ ಅಂತ ನೋಡಿದ ಮೇಲೆ ಬೆಲೆಯನ್ನು ಅರ್ಧಕ್ಕೆ ಕೇಳುವ ಮನಸ್ಸು ಬರಬಾರದು. ಚೌಕಾಸಿ ಮಾಡಿ, ಆದರೆ ಸಂತೆಯ ಚೌಕಾಸಿ ಬೇಡ.

ಕೊಳ್ಳುವಾಗ ನಾಲ್ಕು ವಿಷಯ ನೋಡಿ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗಬೇಕು. ಬೆರಳಾಡಿಸಿದರೆ ಬೆಳ್ಳಿ ಎಲ್ಲೂ ಮೇಲೆದ್ದು ತಾಗಬಾರದು, ಲೋಹದ ಜೊತೆ ಸಮವಾಗಿರಬೇಕು. ಕಪ್ಪು ಬಣ್ಣ ಮಂಕಾಗಿರಬೇಕು. ಬಣ್ಣ ಬಳಿದ ಹಾಗೆ ಹೊಳೆಯುತ್ತಿದ್ದರೆ ಅನುಮಾನ ಪಡಿ. ಹೂಬಳ್ಳಿಯ ತುದಿಗಳನ್ನು ಹತ್ತಿರದಿಂದ ನೋಡಿ, ಕೈಯ ಅವಸರ ಅಲ್ಲೇ ಸಿಕ್ಕಿಬೀಳುತ್ತದೆ. ದುಡ್ಡು ಕಡಿಮೆ ಇದ್ದರೆ ದೊಡ್ಡ ಅಗ್ಗದ ವಸ್ತುವಿಗಿಂತ ಸಣ್ಣ ಡಬ್ಬಿಯೋ ಕಿವಿಯೋಲೆಯೋ ಒಳ್ಳೆಯ ಕೆಲಸದ್ದು ತೆಗೆದುಕೊಳ್ಳಿ. ಮನೆಯಲ್ಲಿ ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ ಹಾಕಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಆಗಾಗ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಹೊಟ್ಟೆಯ ವಿಚಾರ

ಬೆಳಿಗ್ಗೆ ಸುಸ್ಲಾ, ಮಿರ್ಚಿ, ಜೊತೆಗೆ ಗಟ್ಟಿ ಹಾಲಿನ ಚಾ. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಹಳೇ ಊರಿನ ಹೋಟೆಲುಗಳಲ್ಲಿ ಬಿರಿಯಾನಿ, ಕಬಾಬು ಸಿಗುತ್ತವೆ. ನಾನಕ್ ಝೀರಾದಲ್ಲಿ ಎಲ್ಲರಿಗೂ ಲಂಗರ್ ಊಟ ಉಂಟು. ಅಲ್ಲಿ ಉಂಡರೆ ತಟ್ಟೆ ತೊಳೆಯುವ ಕಡೆ ಸ್ವಲ್ಪ ಕೈ ಜೋಡಿಸಿ. ಸಿಖ್ಖರ ಪಂಚ ಪ್ಯಾರೆ, ಅಂದರೆ ಖಾಲ್ಸಾಕ್ಕೆ ಮೊದಲು ಸೇರಿದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅನ್ನುವುದು ನಮ್ಮ ಕಡೆಯವರಿಗೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಕೋಟೆಯಲ್ಲಿ ಎಲ್ಲರೂ ಬಿಟ್ಟುಹೋಗುವ ಜಾಗಗಳು

ಕೋಟೆಗೆ ಮೂರು ಗಂಟೆಯ ನಂತರ ಹೋಗಿ. ಒಳಗೆ ಓಡುವ ಮುಂಚೆ ಬಾಗಿಲಲ್ಲೇ ನಿಲ್ಲಿ. ಶರ್ಜಾ ದರವಾಜಾದ ಮೇಲೆ ಕೆತ್ತಿದ ಎರಡು ಹುಲಿಗಳಿವೆ. ಅಲ್ಲಿರುವ ಶಾಸನ 1503ರದ್ದು. ಅದನ್ನು ದಾಟಿ ಗುಮ್ಮಟ್ ದರವಾಜಾ ಹತ್ತಿರ ಕಂದಕಕ್ಕೆ ಬಗ್ಗಿ ನೋಡಿ. ಬೇರೆ ಕೋಟೆಗಳಲ್ಲಿ ಒಂದು ಕಂದಕ ತೋಡಿರುತ್ತಾರೆ. ಇಲ್ಲಿ ಕೆಂಪು ಕಲ್ಲನ್ನೇ ಕಡಿದು ಮೂರು ಸಾಲು ಮಾಡಿದ್ದಾರೆ, ನಡುವೆ ಕಲ್ಲಿನ ಗೋಡೆಗಳನ್ನು ಹಾಗೇ ಬಿಟ್ಟಿದ್ದಾರೆ. ಕಡಿದ ಕಲ್ಲೇ ಮೇಲಿನ ಗೋಡೆಗೂ ಹೋಗಿದೆ.

ರಂಗೀನ್ ಮಹಲ್‌ಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಬಹಳ ಜನ ಬೀಗ ನೋಡಿ ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಒಳಗಿನ ಮ್ಯೂಸಿಯಂ ಹತ್ತಿರ ಪುರಾತತ್ವ ಇಲಾಖೆಯ ಸಿಬ್ಬಂದಿ ಇರುತ್ತಾರೆ, ಅವರನ್ನು ಮರ್ಯಾದೆಯಿಂದ ಕೇಳಿ. ತೆರೆದರೆ ನಿಮ್ಮ ಪುಣ್ಯ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ, ಕೆತ್ತಿದ ಮರದ ಕಂಬಗಳು, ಬಣ್ಣದ ಹೆಂಚು, ಎಲ್ಲ ಒಂದೇ ಸಣ್ಣ ಕಟ್ಟಡದಲ್ಲಿ. ಈಗ ಕಾಣುವ ರೂಪ ಹೆಚ್ಚಾಗಿ 16ನೇ ಶತಮಾನದ, ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಮನೆತನದ ಅಲಿ ಬರೀದ್‌ನ ಕಾಲದ್ದು. ಬೆಳಿಗ್ಗೆ ಬಿದ್ರಿ ಕೆಲಸ ನೋಡಿದ ಕಣ್ಣಿಗೆ ಈ ಚಿಪ್ಪಿನ ಕೆಲಸ ಬೇರೆಯೇ ಥರ ಕಾಣುತ್ತದೆ. ಕಪ್ಪಿನಲ್ಲಿ ಬಿಳಿ ಕೂರಿಸುವ ಹುಚ್ಚು ಈ ಊರಿಗೆ ಮೊದಲಿನಿಂದಲೂ ಇತ್ತು ಅನ್ನಿಸುತ್ತದೆ. ಕೋಟೆಯಲ್ಲಿ ಒಂದೇ ಕಟ್ಟಡ ನೋಡು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಸೋಲಾ ಖಂಬಾ ಮಸೀದಿಯನ್ನು ಎಲ್ಲರೂ ನೋಡುತ್ತಾರೆ. ಅಲ್ಲಿ ಸಿಕ್ಕ ಶಾಸನ 1423-24ರದ್ದು ಅನ್ನುವುದನ್ನು ಮಾತ್ರ ಗಮನಿಸಿ. ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು ಅದೇ ದಶಕದಲ್ಲಿ. ಒಳಗಿನ ದಪ್ಪ ದುಂಡು ಕಂಬಗಳನ್ನೂ ನೋಡಿ.

ಅಲ್ಲಿಂದ ಮುಂದೆ ಹೆಚ್ಚಿನವರು ಹಿಂದಿರುಗುತ್ತಾರೆ. ನೀವು ತಖ್ತ್ ಮಹಲ್ ಕಡೆ ಹೋಗಿ. ಕಮಾನಿನ ಮೂಲೆಯಲ್ಲಿ ಹುಲಿ ಮತ್ತು ಸೂರ್ಯನ ಹೆಂಚಿನ ಚಿತ್ರದ ಉಳಿಕೆ ಇದೆ. ಹುಡುಕಿದರೆ ಮಾತ್ರ ಕಾಣುತ್ತದೆ. ಇನ್ನೂ ಮುಂದೆ ಮುಂಡಾ ಬುರುಜಿನ ಮೇಲೆ ದೊಡ್ಡ ತೋಪು ಇದೆ. ಅಲ್ಲಿಂದ ಬಯಲು ಹೇಗೆ ದಿಢೀರನೆ ಕೆಳಗೆ ಇಳಿಯುತ್ತದೆ ನೋಡಿ. ರಾಜಧಾನಿ ಯಾಕೆ ಇಲ್ಲಿಗೆ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ಗೋಡೆಯ ಅಂಚಿಗೆ ಕಟಾಂಜನ ಇಲ್ಲ. ಮಕ್ಕಳ ಕೈ ಹಿಡಿದಿರಿ. ಮಳೆಗಾಲದಲ್ಲಿ ಹುಲ್ಲು ಬೆಳೆದ ಕಡೆ ಹಾವು ಇರುತ್ತವೆ, ಕಾಲುದಾರಿ ಬಿಟ್ಟು ಹೋಗಬೇಡಿ.

ಸಂಜೆಗೆ ಬರೀದ್ ಶಾಹಿ ಉದ್ಯಾನ

ಕೋಟೆಯಿಂದ ಆಟೊ ಹಿಡಿದು ಊರಿನ ಪಶ್ಚಿಮಕ್ಕೆ, ಉದಗೀರ್ ರಸ್ತೆಯ ಬರೀದ್ ಶಾಹಿ ಉದ್ಯಾನಕ್ಕೆ ಹೋಗಿ. ಬೀದರಿನವರಿಗೆ ಇದು ವಾಕಿಂಗ್ ಮಾಡುವ ಜಾಗ, ಹೊರಗಿನವರು ಬರುವುದು ಕಡಿಮೆ. ಅಲಿ ಬರೀದ್‌ನ ಸಮಾಧಿ ನಾಲ್ಕೂ ಕಡೆ ತೆರೆದ ಕಮಾನಿನ ಕಟ್ಟಡ. ಸಂಜೆಯ ಬೆಳಕು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಗೆ ಹೋಗುತ್ತದೆ. ಒಳಗೆ ಬಣ್ಣದ ಹೆಂಚಿನಲ್ಲಿ ಪಾರಸಿ ಅಕ್ಷರಗಳು, ಕೆಳಗೆ ಕಪ್ಪು ಕಲ್ಲಿನ ಗೋರಿ. ಆಕಾರದ ಮಟ್ಟಿಗೆ ಅಷ್ಟೂರಿನ ಎಲ್ಲ ಗುಂಬಜ್‌ಗಳಿಗಿಂತ ಇದು ಚೆಂದ ಅಂತ ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬರಲಿ. ಅವನ ಅಪ್ಪ ಅಮೀರ್ ಬರೀದ್‌ನ ಸಮಾಧಿಯೂ ಹತ್ತಿರದಲ್ಲೇ ಇದೆ. ಅದು ಕಟ್ಟುವಾಗಲೇ ನಿಂತುಹೋದದ್ದು.

ಮರುದಿನ ಬೆಳಿಗ್ಗೆ ಅಷ್ಟೂರು

ಅಷ್ಟೂರು ಊರಿನಿಂದ ಪೂರ್ವಕ್ಕೆ ಸುಮಾರು 3 ಕಿ.ಮೀ. ಆಟೊದವರ ಹತ್ತಿರ ಹೋಗಿಬರುವ ಬಾಡಿಗೆ, ಕಾಯುವುದನ್ನೂ ಸೇರಿಸಿ, ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ವಾಪಸ್ ಗಾಡಿ ಸಿಗುವುದು ಕಷ್ಟ.

ದಾರಿಯಲ್ಲಿ ಚೌಖಂಡಿ ಬರುತ್ತದೆ. ಇಲ್ಲಿ ಇಳಿಯದೆ ಹೋಗಬೇಡಿ. ಇರಾನಿನ ಕಿರ್ಮಾನಿನ ಸಂತ ಶಾ ನಿಯಾಮತುಲ್ಲಾ ಅವರನ್ನು ಅಹ್ಮದ್ ಶಾ ಬೀದರಿಗೆ ಕರೆದಿದ್ದ. ಅವರು ಬರಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಬಂದರು. ಇದು ಅವರ ಸಮಾಧಿ. ಎಂಟು ಮುಖದ ಎರಡು ಅಂತಸ್ತಿನ ಗೋಡೆ, ಮೇಲೆ ಆಕಾಶ. ಬಾಗಿಲಿನ ಸುತ್ತ ಕಪ್ಪು ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳು ಎಷ್ಟು ನಯವಾಗಿವೆ ಅಂದರೆ ಓದಲು ಬರದವರೂ ಬಿಟ್ಟು ಹೋಗುವುದಿಲ್ಲ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿವೆ. ಎರಡನ್ನು ಮಾತ್ರ ಬಿಡುವಾಗಿ ನೋಡಿ. ಒಂದು ಅಹ್ಮದ್ ಶಾ ವಲಿಯದು. 1436ರಲ್ಲಿ ತೀರಿಕೊಂಡವನು. ಹೊರಗಿನಿಂದ ಸಾದಾ. ಒಳಗೆ ಹೋಗಿ ಕಣ್ಣು ಕತ್ತಲೆಗೆ ಹೊಂದುವ ತನಕ ಕಾಯಿರಿ. ಗೋಡೆ, ಗುಮ್ಮಟದ ತುಂಬ ಕುಂಕುಮದ ಕೆಂಪು, ನೀಲಿ, ಚಿನ್ನದ ಬಣ್ಣದ ಚಿತ್ರ ಮತ್ತು ಬರಹ. ಕಾವಲಿನವರು ಇದ್ದರೆ ಕೆಲವೊಮ್ಮೆ ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಗುಮ್ಮಟದ ಒಳಗೆ ಹಾಯಿಸುತ್ತಾರೆ. ಬೆಳಿಗ್ಗೆಯೇ ಬನ್ನಿ ಅಂದದ್ದು ಇದಕ್ಕೇ. ಫ್ಲ್ಯಾಶ್ ಹಾಕಬೇಡಿ. ಚಪ್ಪಲಿ ಹೊರಗೆ ಬಿಡಿ, ಇದು ಜನ ಹರಕೆ ಹೊರುವ ಜಾಗ.

ಈ ಸುಲ್ತಾನನನ್ನು ಸುತ್ತಲಿನ ಲಿಂಗಾಯತ ಭಕ್ತರು ಅಲ್ಲಮಪ್ರಭು ಅಂತ ಪೂಜಿಸುತ್ತಾರೆ. ಮುಸಲ್ಮಾನರಿಗೆ ವಲಿ, ಅಂದರೆ ಸಂತ. ಹೋಳಿ ಆಸುಪಾಸು ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಆ ದಿನಗಳಲ್ಲಿ ಬಂದರೆ ಚಿತ್ರ ನೋಡಲು ಜಾಗ ಸಿಗುವುದಿಲ್ಲ, ಆದರೆ ಜಾತ್ರೆ ಸಿಗುತ್ತದೆ. ಯಾವುದು ಬೇಕೋ ನೀವೇ ನೋಡಿ.

ಇನ್ನೊಂದು ಹುಮಾಯೂನನದು, ಜನ ಜಾಲಿಮ್ (ಕ್ರೂರಿ) ಅಂತ ಕರೆದವನು. ಸಿಡಿಲು ಬಡಿದು ಗುಮ್ಮಟ ಸೀಳಿ ಅರ್ಧ ಉಳಿದಿದೆ. ಗೋಡೆ ಎಷ್ಟು ದಪ್ಪ, ಗುಮ್ಮಟ ಹೇಗೆ ಬಾಗುತ್ತದೆ ಅನ್ನುವುದನ್ನು ಇಲ್ಲಿ ಅಡ್ಡ ಕೊಯ್ದ ಹಣ್ಣಿನ ಹಾಗೆ ನೋಡಬಹುದು. ಕಟ್ಟಡ ಕೆಲಸದವರು, ಸಿವಿಲ್ ಓದುವ ಹುಡುಗರು ಇದನ್ನು ಬಿಡಬಾರದು.

ನೌಬಾದಿನ ಕರೇಜ್

ಇದು ಊರಿನ ಇನ್ನೊಂದು ತುದಿ. ಕರೇಜ್ ಅಂದರೆ ನೆಲದ ಕೆಳಗೆ ನೀರು ಹರಿಸುವ ಸುರಂಗ. ನೌಬಾದಿನಲ್ಲಿ "ಸುರಂಗ ಬಾವಿ" ಅಂತ ಕೇಳಿ. ಮೇಲಿನಿಂದ ನೋಡಿದರೆ ಸಾಲಾಗಿ ಬಾವಿಗಳ ಹಾಗೆ ಕಾಣುವ ತೂತುಗಳು, ಅಷ್ಟೇ. ಕೆಳಗೆ ಅವನ್ನೆಲ್ಲ ಸೇರಿಸುವ ಸುರಂಗ ಇದೆ. ಬೀದರಿನ ಕೆಂಪು ಕಲ್ಲು ತೂತುತೂತಾಗಿರುತ್ತದೆ, ಮಳೆಯ ನೀರನ್ನು ಒಳಗೆ ಬಿಡುತ್ತದೆ. ಅದರ ಕೆಳಗಿನ ಕಪ್ಪು ಕಲ್ಲು ಬಿಡುವುದಿಲ್ಲ. ನೀರು ನಡುವೆ ನಿಲ್ಲುತ್ತದೆ. ಆ ಮಟ್ಟಕ್ಕೆ ಸುರಂಗ ಕೊರೆದು ಸ್ವಲ್ಪ ಇಳಿಜಾರು ಕೊಟ್ಟರೆ ಯಾವ ಏತವೂ ಇಲ್ಲದೆ ನೀರು ತಾನೇ ಹರಿದು ಬರುತ್ತದೆ. ಮೇಲಿನ ತೂತುಗಳು ಗಾಳಿಗೆ, ಹೂಳೆತ್ತಲಿಕ್ಕೆ, ಮಧ್ಯದಲ್ಲಿ ನೀರು ಸೇದಲಿಕ್ಕೆ. ಇರಾನಿನ ವಿದ್ಯೆ, ಬಹಮನಿ ಕಾಲದಲ್ಲಿ ಇಲ್ಲಿಗೆ ಬಂತು. ಬೀದರ್ ಊರು 2014ರ ವಿಶ್ವ ಸ್ಮಾರಕ ನಿಧಿಯ ಗಮನಿಸಬೇಕಾದ ತಾಣಗಳ ಪಟ್ಟಿಯಲ್ಲಿ ಸೇರಿತ್ತು. ಆಮೇಲೆ ಹೂಳೆತ್ತುವ ಕೆಲಸವೂ ನಡೆದಿದೆ.

ಒಳಗೆ ಇಳಿಯುವ ಸಾಹಸ ಬೇಡ. ಕೆಲವು ತೂತುಗಳಿಗೆ ಸರಿಯಾದ ಕಟ್ಟೆ ಇಲ್ಲ. ಹಗಲಿನಲ್ಲೇ ಹೋಗಿ, ಸ್ಥಳೀಯರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಸಮಯ ಉಳಿದರೆ

ಊರ ಪೂರ್ವದ ಹಬ್ಶಿ ಕೋಟ್ ಗುಡ್ಡದ ಮೇಲೆ ಆಫ್ರಿಕಾ ಮೂಲದ ಸರದಾರರ ಸಮಾಧಿಗಳಿವೆ. ನೋಟ ಚೆನ್ನಾಗಿದೆ. ಪಾಪನಾಶ ಶಿವ ದೇವಸ್ಥಾನ ಶಾಂತವಾದ ಜಾಗ, ಸೋಮವಾರ ಮಾತ್ರ ಗದ್ದಲ. ಝರಣಿ ನರಸಿಂಹಕ್ಕೆ ಹೋಗುವುದಿದ್ದರೆ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ಮೇಲೆ ಬಾವಲಿಗಳು. ತೆರೆದಿದೆಯೋ ಇಲ್ಲವೋ ಮೊದಲು ಕೇಳಿ. ಉಸಿರಾಟದ ತೊಂದರೆ ಇರುವವರು, ಸಣ್ಣ ಮಕ್ಕಳು ಹೊರಗೇ ಇರಲಿ.

ನನ್ನ ಮಾತು ಕೇಳಿದರೆ ಇವೆಲ್ಲಕ್ಕಿಂತ ಗೊರ್ನಳ್ಳಿಗೆ ಹೋಗಿ. ಮಹಮೂದ್ ಗವಾನ್‌ನ ಗೋರಿ ಅಲ್ಲಿದೆ. ಅಷ್ಟು ದೊಡ್ಡ ಮದರಸಾ ಕಟ್ಟಿದವನ ತಲೆಯ ಮೇಲೆ ಒಂದು ಗುಂಬಜ್ ಕೂಡ ಇಲ್ಲ. ಅಷ್ಟೂರಿನ ಸಾಲು ನೋಡಿದ ಮೇಲೆಯೇ ಇಲ್ಲಿಗೆ ಬರಬೇಕು.

ಅರ್ಧ ದಿನ ಮಾತ್ರ ಇದ್ದರೆ

ಕೋಟೆಯನ್ನು ಬಿಡಿ. ಹೌದು, ಬಿಡಿ. ಅದು ಇನ್ನೊಂದು ಸಲಕ್ಕೆ ಇರಲಿ. ಏಳಕ್ಕೆ ಚೌಬಾರಾ, ಏಳೂವರೆಗೆ ಮದರಸಾ ಮುಖ, ಎಂಟೂವರೆಗೆ ಆಟೊದಲ್ಲಿ ಚೌಖಂಡಿ ಮತ್ತು ಅಹ್ಮದ್ ಶಾ ಗುಂಬಜ್, ಹನ್ನೊಂದಕ್ಕೆ ವಾಪಸ್ ಬಂದು ಬಿದ್ರಿ ಕೆಲಸದವರ ಹತ್ತಿರ ಒಂದು ತಾಸು. ಒಂದು ಗಂಟೆಗೆ ಊಟ ಮಾಡಿ ಬಸ್ಸು ಹತ್ತಬಹುದು. ಹಿರಿಯರು ಜೊತೆಗಿದ್ದರೆ ಗಲ್ಲಿ ನಡಿಗೆಯನ್ನು ಕಡಿಮೆ ಮಾಡಿ. ಆಟೊವನ್ನು ಅರ್ಧ ದಿನಕ್ಕೆ ಮಾತಾಡಿಕೊಂಡು, ಚೌಬಾರಾದಿಂದ ಮದರಸಾ ತನಕದ ತುಂಡು ಮಾತ್ರ ನಡೆಸಿ. ಆ ತುಂಡು ಮಟ್ಟಸ ರಸ್ತೆ, ಮಧ್ಯೆ ಕೂರಲು ಚಾ ಅಂಗಡಿಗಳೂ ಇವೆ.